ಉಡಿ ತುಂಬಿದ ಹದಿನಾರನೆಯ ಪೆಟ್ಟಿಗೆ

ಪುಣೆಯ ಹತ್ತಿರ ಭೋಸರಿಯ ಇನಾಮದಾರ ಪಂಪ್ಸ್ ಕಾರ್ಖಾನೆಯಲ್ಲಿ ಪಂಪು ತಯಾರಿಸುವವರು ನೂರು ಜನ ಇದ್ದರು. ಆ ಪಂಪನ್ನು ಪೆಟ್ಟಿಗೆಗೆ ಹಾಕಿ ಸಮುದ್ರ ದಾಟಿಸುವವರು ಒಬ್ಬರೇ, ಮಾರ್ತಾಂಡರಾಯರು. ಹೀಗಂತ ಅವರೇ ಹೇಳಿಕೊಳ್ಳುತ್ತಿದ್ದರು. ಮೂವತ್ತಾರು ವರ್ಷ ಕೇಳಿ ಕೇಳಿ ಉಳಿದವರೂ ಒಪ್ಪಿಕೊಂಡಿದ್ದರು. ಪಂಪು ಎಷ್ಟೇ ಚೆಂದ ಇರಲಿ, ಪೆಟ್ಟಿಗೆ ಸಡಿಲಾಗಿದ್ದರೆ ಆಫ್ರಿಕಾ ಮುಟ್ಟುವಷ್ಟರಲ್ಲಿ ಅದು ಗುಜರಿ ಸಾಮಾನು ಎನ್ನುವುದು ಅವರ ವಾದ. ಬೈಲಹೊಂಗಲದಿಂದ ಹರೆಯದಲ್ಲಿ ಬಂದ ಮನುಷ್ಯನಿಗೆ ಈಗ ಅರವತ್ತು. ದಿನಾ ಬೆಳಿಗ್ಗೆ ದೇಹೂ ರೋಡಿನಲ್ಲಿ ಲೋಕಲ್ ಹತ್ತಿ, ಕಾಸರವಾಡಿಯಲ್ಲಿ ಇಳಿದು, ಶೇರ್ ರಿಕ್ಷಾದಲ್ಲಿ ನಾಲ್ಕನೆಯವರಾಗಿ ಚಾಲಕನ ಪಕ್ಕ ಅರ್ಧ ಕೂತು ಅರ್ಧ ನಿಂತು ಕಾರ್ಖಾನೆ ಸೇರುತ್ತಿದ್ದರು. ಬರುವ ಮೂವತ್ತನೆಯ ತಾರೀಖಿಗೆ ಅವರ ನಿವೃತ್ತಿ.

ಅವರು ಕೆಲಸಕ್ಕೆ ಸೇರಿದಾಗ ಪೆಟ್ಟಿಗೆಯ ಮೇಲೆ ಊರ ಹೆಸರು ಬರೆಯುವುದೇ ಒಂದು ವಿದ್ಯೆ. ತಗಡಿನ ಹಾಳೆಯಲ್ಲಿ ಅಕ್ಷರ ಕೊರೆದು, ಅದನ್ನು ಹಲಗೆಗೆ ಒತ್ತಿ ಹಿಡಿದು, ಮೇಲೆ ಕಪ್ಪು ಬಣ್ಣದ ಬ್ರಷ್ ಆಡಿಸಬೇಕು. ಬಣ್ಣ ಹೆಚ್ಚಾದರೆ ಅಕ್ಷರ ಸೋರುತ್ತದೆ, ಕಡಿಮೆಯಾದರೆ ಉಪ್ಪುಗಾಳಿಗೆ ಅಳಿಸಿಹೋಗುತ್ತದೆ. ಮೊಂಬಾಸಾ, ಲೇಗೋಸ್, ಕೊಲಂಬೊ, ದಾರ್ ಎಸ್ ಸಲಾಮ್, ಎಲ್ಲ ಊರುಗಳನ್ನೂ ರಾಯರು ಕೈಯಾರೆ ಕೊರೆದವರು. ದಾರ್ ಎಸ್ ಸಲಾಮ್ ಕೊರೆಯುವಾಗಲಂತೂ ಇಷ್ಟುದ್ದ ಹೆಸರಿಟ್ಟವನಿಗೆ ಮನಸಾರೆ ಬೈದುಕೊಂಡಿದ್ದರು. ಈಗ ಪಾರ್ಸೆಲ್ಲಿನ ಹಾಗೆ ಮಷಿನ್ನಿಂದ ಸ್ಟಿಕರ್ ಬರುತ್ತದೆ, ಅಂಟಿಸಿದರೆ ಮುಗಿಯಿತು. ಸ್ಟಿಕರ್ ಅಂಟಿಸುವುದಕ್ಕೆ ಮನುಷ್ಯ ಯಾಕೆ ಬೇಕು, ಗೋಡೆಗೆ ಪೋಸ್ಟರ್ ಹಚ್ಚುವವನನ್ನು ಕರೆದರೂ ಆಗುತ್ತದೆ ಎಂದು ರಾಯರು ಗೊಣಗುತ್ತಿದ್ದರು.

ಆಗಿನ ಮಾಲೀಕರು ದೊಡ್ಡ ಇನಾಮದಾರರು. ಅವರಿಗೆ ರಫ್ತಿನ ಹುಚ್ಚು. ತೊಂಬತ್ತೊಂದರಲ್ಲಿ ದೇಶದ ಹತ್ತಿರ ಡಾಲರ್ ಇಲ್ಲದೆ ಸರಕಾರ ಬಂಗಾರ ಒತ್ತೆ ಇಟ್ಟಿತೆಂಬ ಸುದ್ದಿ ಬಂದ ದಿನ, ಇಡೀ ಕಾರ್ಖಾನೆಯನ್ನು ಅಂಗಳದಲ್ಲಿ ನಿಲ್ಲಿಸಿ ಭಾಷಣ ಮಾಡಿದ್ದರು. ಸಮುದ್ರದಲ್ಲಿ ಒಂದು ಚೊಂಬು ನೀರಿನಷ್ಟೇ ನಮ್ಮ ಪಾಲು, ಆದರೆ ಆ ಚೊಂಬು ನಮ್ಮದು ಎಂದಿದ್ದರು. ಆ ವಾರ ಯಾರೂ ಓವರ್‌ಟೈಮ್ ಕೇಳಲಿಲ್ಲ. ಹಣ ಬಂತೆಂದು ಬ್ಯಾಂಕಿನಿಂದ ತಂತಿ ಬಂದರೆ ಪೂರ್ತಿ ಶಿಫ್ಟಿಗೆ ಜಿಲೇಬಿ. ಕಾಗದಪತ್ರ ಟೈಪು ಮಾಡಿಸಲು ರಾಯರು ಪುಣೆಯ ಕ್ಯಾಂಪ್ ಪೇಟೆಗೆ ಹೋಗುತ್ತಿದ್ದರು. ಅಲ್ಲಿ ಏಳು ಕಾರ್ಬನ್ ಹಾಳೆ ಹಾಕಿ ಟೈಪು ಮಾಡುವ ಒಬ್ಬ ಮುದುಕರಿದ್ದರು. ಒಂದಕ್ಷರ ತಪ್ಪಿದರೆ ಏಳೂ ಹಾಳೆ ಹರಿದು ಹಾಕಿ ಮೊದಲಿಂದ ಶುರು ಮಾಡುವರು. ರಾಯರು ಅಲ್ಲಿಯೇ ಎರಡು ಚಹಾ ಕುಡಿದು ಕಾಯುವರು. ಆ ದಿನಗಳನ್ನು ನೆನೆದರೆ ಅವರಿಗೆ ಈಗಲೂ ಎದೆ ತುಂಬಿಬರುತ್ತದೆ. ಬಡವರಾಗಿದ್ದೆವು, ಆದರೆ ಏನೋ ದೊಡ್ಡದು ಮಾಡುತ್ತಿದ್ದೇವೆ ಅನ್ನಿಸುತ್ತಿತ್ತು.

ಉಡಿ ತುಂಬುವ ಪದ್ಧತಿ ಶುರುವಾದದ್ದೂ ಆಗಲೇ. ಎಂಬತ್ತೊಂಬತ್ತರಲ್ಲಿ ಮೊಟ್ಟಮೊದಲ ಆರು ಪಂಪು ದಾರ್ ಎಸ್ ಸಲಾಮಿಗೆ ಹೊರಟಿದ್ದವು. ರಾಯರಿಗೆ ಮದುವೆಯಾಗಿ ಮೂರು ತಿಂಗಳು, ಮನೆ ಕಾರ್ಖಾನೆಯ ಹಿಂದಿನ ಓಣಿಯಲ್ಲಿ. ಹೆಂಡತಿ ಪ್ರಫುಲ್ಲಾ ಬುತ್ತಿ ತಂದವಳು ಬಾಗಿಲಲ್ಲಿ ನಿಂತು ಪೆಟ್ಟಿಗೆಗಳನ್ನು ನೋಡಿದಳು.

"ಇವೆಲ್ಲಾ ಎಲ್ಲಿಗೆ ಹೊಂಟಾವ್ರಿ?"

"ಸಮುದ್ರದಾಚಿ."

"ಮತ್ತ ತಿರುಗಿ ಬರೂದಿಲ್ಲೇನು?"

"ತಿರುಗಿ ಬಂದ್ರ ನಮ್ಮ ಕಾರ್ಖಾನಿಗೆ ಬೀಗ ಬಿತ್ತಂತ ತಿಳಿ."

"ಹಂಗಾರ ಉಡಿ ತುಂಬಲ್ದನ ಕಳಸ್ತೀರಾ? ಏನ ಗಂಡಸರೋ, ಏನೋ!"

ಮಧ್ಯಾಹ್ನ ಆಕೆ ಕುಪ್ಪಸದ ಒಂದು ಖಣದ ಚೂರನ್ನು ಚೀಲದಂತೆ ಹೊಲಿದು ತಂದಳು. ಒಳಗೆ ಒಂದು ಹಿಡಿ ಅಕ್ಕಿ, ಅಡಿಕೆ, ಅರಿಷಿಣದ ಕೊಂಬು, ಒಂದು ಉತ್ತತ್ತಿ. ತವರಿನಿಂದ ಗಂಡನ ಮನೆಗೆ ಹೊರಟ ಮಗಳ ಸೆರಗಿಗೆ ಹಾಕುವಂಥದ್ದೇ ಎಲ್ಲ. ರಾಯರು ಅಂಜುತ್ತ ಅಂಜುತ್ತ ದೊಡ್ಡ ಇನಾಮದಾರರನ್ನು ಕೇಳಿದರು. ಅವರು ನಕ್ಕು, ಹಾಕು ಹಾಕು, ಹೆಣ್ಣು ಕೊಟ್ಟ ಮನೆಯ ಜೊತೆ ವ್ಯವಹಾರ ಚೆನ್ನಾಗಿಯೇ ಇರುತ್ತದೆ ಎಂದರು.

ಎರಡು ತಿಂಗಳಿಗೆ ಅಲ್ಲಿಂದ ಕಾಗದ ಬಂತು. ಪಂಪು ಸುಖವಾಗಿ ಮುಟ್ಟಿವೆ. ಆದರೆ ಬಿಡಿಭಾಗಗಳ ಪಟ್ಟಿಯಲ್ಲಿ ಇಲ್ಲದ ಒಂದು ಸಣ್ಣ ಬಟ್ಟೆಯ ಚೀಲ ಸಿಕ್ಕಿದೆ. ನಮ್ಮ ಎಂಜಿನಿಯರು ಎರಡು ದಿನ ನಕ್ಷೆ ನೋಡಿದರೂ ಅದನ್ನು ಪಂಪಿನ ಯಾವ ಭಾಗಕ್ಕೆ ಜೋಡಿಸಬೇಕೆಂದು ತಿಳಿಯಲಿಲ್ಲ, ದಯವಿಟ್ಟು ತಿಳಿಸಿರಿ. ದೊಡ್ಡ ಇನಾಮದಾರರು ಕಣ್ಣಲ್ಲಿ ನೀರು ಬರುವ ತನಕ ನಕ್ಕು ಉತ್ತರ ಬರೆಸಿದರು: ಅದು ಆಶೀರ್ವಾದ, ಜೋಡಿಸುವ ಅಗತ್ಯವಿಲ್ಲ. ಮುಂದಿನ ಆರ್ಡರಿನಲ್ಲಿ ಆ ಪುಣ್ಯಾತ್ಮರು ಹದಿನೆಂಟು ಪಂಪು ಕೇಳಿ, ಹೋದ ಸಲದ ಚೀಲವೂ ಇರಲಿ ಎಂದು ಸೇರಿಸಿದ್ದರು. ಅಲ್ಲಿಂದ ಪ್ರಫುಲ್ಲಾಬಾಯಿಯ ಹೊಲಿಗೆಗೆ ಬಿಡುವೇ ಇಲ್ಲದಂತಾಯಿತು. ಪ್ರತಿ ರವಾನೆಯ ಕೊನೆಯ ಪೆಟ್ಟಿಗೆಗೆ ಒಂದು ಚೀಲ. ಮುಚ್ಚಳಕ್ಕೆ ಮೊಳೆ ಹೊಡೆಯುವ ಮೊದಲು ಎಲ್ಲರೂ ಒಂದು ಗಳಿಗೆ ಕೆಲಸ ನಿಲ್ಲಿಸುವರು. ಪೇಂಟಿಂಗ್ ವಿಭಾಗದವರೂ ಬಂದು ನಿಲ್ಲುವರು. ದೊಡ್ಡ ಇನಾಮದಾರರ ಮಗ ವಿಕ್ರಮ, ಚಡ್ಡಿ ಹಾಕುವ ವಯಸ್ಸಿನಲ್ಲಿ, ಅಪ್ಪನ ಬೆರಳು ಹಿಡಿದು ಅದನ್ನು ನೋಡಿದವನೇ.

ಕಾಲ ಹಾಗೇ ಇರುತ್ತದೆಯೇ? ದೊಡ್ಡವರು ತೀರಿಕೊಂಡರು, ವಿಕ್ರಮ ಕುರ್ಚಿಯಲ್ಲಿ ಕೂತ. ಹೊರದೇಶಗಳ ನಿಯಮವೂ ಬಿಗಿಯಾಯಿತು. ಪೆಟ್ಟಿಗೆಯ ಕಟ್ಟಿಗೆಯೊಳಗೆ ಹುಳ ಇರಬಾರದೆಂದು ಅದನ್ನು ಕಾಯಿಸಿ ಮುದ್ರೆ ಒತ್ತಬೇಕು, ತೊಗಟೆ ಇರಬಾರದು, ಹುಲ್ಲು ತುಂಬಬಾರದು. ರಾಯರು ಇವನ್ನೆಲ್ಲ ಮಕ್ಕಳ ಹಾಗೆ ಕೂತು ಕಲಿತರು, ಕೈಕೆಳಗಿನವರಿಗೆ ಗದರಿಸಿ ಕಲಿಸಿದರು. ಎರಡು ವರ್ಷದ ಹಿಂದೆ ಹರ್ಷದಾ ಎಂಬ ಹುಡುಗಿ ರಫ್ತಿನ ಮ್ಯಾನೇಜರಾಗಿ ಬಂದಳು. ಧಾರವಾಡದ ಮನೆತನ, ಹುಟ್ಟಿ ಬೆಳೆದದ್ದು ಪುಣೆ, ಕನ್ನಡದಲ್ಲಿ ಅರ್ಧ ಮರಾಠಿ. ಬಂದ ತಿಂಗಳಿಗೇ ಆಕೆ ರಾಯರನ್ನು ಕರೆದು ಮೆತ್ತಗೆ ಹೇಳಿದಳು.

"ಕಾಕಾ, ಇನ್ನ ಮುಂದ ಪೆಟ್ಟಿಗಿಯೊಳಗ ಪಂಪ್ ಬಿಟ್ಟು ಏನೂ ಇರಬಾರ್ದು ನೋಡ್ರಿ. ಅಕ್ಕಿಕಾಳಂತೂ ಒಂದೂ ನಕೋ."

"ಆತು ಬಿಡವಾ," ಅಂದಿದ್ದರು ರಾಯರು. ಜಗಳವಾಡಲಿಲ್ಲ. ಆ ದಿನ ಡಬ್ಬಿ ತುಂಬ ಉಳಿದಿದ್ದ ಚೀಲಗಳನ್ನು ಪ್ರಫುಲ್ಲಾಬಾಯಿ ಅಟ್ಟಕ್ಕೆ ಹಾಕಿದರು.

ಹರ್ಷದಾಳ ಕಣ್ಣು ಆಸ್ಟ್ರೇಲಿಯಾದ ಮೇಲಿತ್ತು. ಇನಾಮದಾರ ಪಂಪು ಆ ನೆಲ ತುಳಿದೇ ಇರಲಿಲ್ಲ. ಎರಡು ವರ್ಷ ಮೇಲ್ ಬರೆದು, ಮಾದರಿ ಕಳಿಸಿ, ಬೈಸಿಕೊಂಡು, ಮತ್ತೆ ಬರೆದು, ಕೊನೆಗೆ ಬ್ರಿಸ್ಬೇನಿನ ಒಬ್ಬ ವ್ಯಾಪಾರಿಯಿಂದ ಹದಿನಾರು ಪೆಟ್ಟಿಗೆಗಳ ಆರ್ಡರು ತಂದಳು. ಇದು ಸರಿಹೋದರೆ ವರ್ಷಕ್ಕೆ ಹತ್ತು ಕಂಟೇನರು. ಇದೇ ರಾಯರ ಕೊನೆಯ ರವಾನೆಯೂ ಆಯಿತು.

ಸೋಮವಾರ ಹದಿನಾರನೆಯ ಪೆಟ್ಟಿಗೆಯ ಮುಚ್ಚಳ ಮಾತ್ರ ಬಾಕಿ ಇತ್ತು. ಬಡಿಗ ಭೀಮಣ್ಣ ಚಹಾ ಕುಡಿಯಲು ಹೋಗಿದ್ದ. ರಾಯರು ಒಬ್ಬರೇ. ಬೆಳಿಗ್ಗೆ ಹೊರಡುವಾಗ ಯಾಕೋ ಏಣಿ ಹತ್ತಿ ಡಬ್ಬಿಯಿಂದ ಒಂದು ಚೀಲ ತೆಗೆದು, ಅಕ್ಕಿ ಅಡಿಕೆ ತುಂಬಿ ಜೇಬಿಗೆ ಹಾಕಿಕೊಂಡಿದ್ದರು. ಹಾಕಬೇಕೆಂದಲ್ಲ, ಸುಮ್ಮನೆ ಇರಲಿ ಎಂದು. ಹೀಗೆ ಸುಮ್ಮನೆ ಅಂದುಕೊಂಡು ಮಾಡಿದ್ದೇ ಮನುಷ್ಯನನ್ನು ಕೆಡಿಸುವುದು. ಇನ್ನೆಂದೂ ಪೆಟ್ಟಿಗೆ ಕಟ್ಟುವುದಿಲ್ಲ ಅನ್ನುವುದು ತಟ್ಟನೆ ಎದೆಗೆ ತಾಗಿತು. ಯಾರು ನೋಡುತ್ತಾರೆ, ಒಂದು ಹಿಡಿ ಅಕ್ಕಿ ಅಂದುಕೊಂಡು ಚೀಲವನ್ನು ಪಂಪಿನ ಬುಡದಲ್ಲಿ ಸಿಕ್ಕಿಸಿಬಿಟ್ಟರು. ಭೀಮಣ್ಣ ಬಂದು ಮೊಳೆ ಹೊಡೆದ. ಮಂಗಳವಾರ ಕಂಟೇನರಿಗೆ ಸೀಲು ಬಿದ್ದು ಲಾರಿ ನ್ಹಾವಾ ಶೇವಾ ಬಂದರಿನ ದಾರಿ ಹಿಡಿಯಿತು.

ಬುಧವಾರ ಊಟದ ಹೊತ್ತಿಗೆ ಹರ್ಷದಾ ಪೇಢೆಯ ಡಬ್ಬಿ ಹಿಡಿದು ರಾಯರ ಮೇಜಿಗೇ ಬಂದಳು. ಕೈಯಲ್ಲಿ ಒಂದು ಕಾಗದ.

"ಹಡಗಾ ಎರಡು ದಿನ ತಡಾ ಅಂತ ಕಾಕಾ, ಶುಕ್ರವಾರ ಹೊಂಡತದ. ಇದು ನೋಡ್ರಿ, ಪ್ಯಾಕಿಂಗಿನ ಪ್ರಮಾಣಪತ್ರ. ಹುಲ್ಲು, ತೊಗಟಿ, ಕಾಳು, ಬೀಜ, ಏನೂ ಇಲ್ಲ ಅಂತ ಬರ್ದು ನಾನ ಸಹಿ ಮಾಡೇನಿ. ಆಸ್ಟ್ರೇಲಿಯಾದ ಕಸ್ಟಮ್ಸಿನವರು ಹೊಸಬರ ಮೊದಲನೇ ಕಂಟೇನರ್ ತೆಗದು ನೋಡೇ ನೋಡ್ತಾರಂತ. ನನಗೇನ ಅಂಜಿಕಿ? ಮಾರ್ತಾಂಡ ಕಾಕಾ ಕಟ್ಯಾರಂದ್ರ ನಾ ಒಂದು ಪೆಟ್ಟಿಗಿನೂ ಇಣುಕಿ ನೋಡಲಿಲ್ಲ."

ರಾಯರ ಕೈಯಲ್ಲಿದ್ದ ಚಪಾತಿ ಕೈಯಲ್ಲೇ ಉಳಿಯಿತು. ಆ ಕಾಗದಕ್ಕೆ ಮಾಲೀಕರು ಸಹಿ ಮಾಡುತ್ತಾರೆ, ಹೆಚ್ಚೆಂದರೆ ಕಂಪನಿ ದಂಡ ಕಟ್ಟುತ್ತದೆ ಎಂದು ಅವರು ತಿಳಿದಿದ್ದರು. ಈಗ ನೋಡಿದರೆ ಕೆಳಗೆ ಈ ಹುಡುಗಿಯ ಹೆಸರು, ದುಂಡಗಿನ ಅಕ್ಷರದಲ್ಲಿ. ಅಕ್ಕಿ ಸಿಕ್ಕರೆ ಸುಳ್ಳು ಬರೆದವಳು ಈಕೆ. ಆರ್ಡರೂ ಹೋಯಿತು, ಈಕೆಯ ಎರಡು ವರ್ಷವೂ ಹೋಯಿತು, ನಾಳೆ ಯಾವ ಕಂಪನಿಯವರು ಈ ಸಹಿ ನಂಬುತ್ತಾರೆ? ಹರ್ಷದಾ ಕೊಟ್ಟ ಪೇಢೆಯನ್ನು ಬುತ್ತಿಯ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದರು.

ಮನೆಗೆ ಬಂದು ಹೆಂಡತಿಯ ಮುಂದೆ ಎಲ್ಲ ಹೇಳಿದರು. ಬಾಯಿ ಮುಚ್ಚಿಕೊಂಡಿದ್ದರೆ ಚೀಲ ಕಣ್ಣಿಗೆ ಬೀಳದೆಯೂ ಹೋಗಬಹುದು. ಬಾಯಿ ಬಿಟ್ಟರೆ, ಮೂವತ್ತಾರು ವರ್ಷ ಒಂದು ತಕರಾರು ಬಾರದ ಹೆಸರು ನಿವೃತ್ತಿಯ ವಾರದಲ್ಲೇ ಮಣ್ಣುಪಾಲು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ; ರಾಯರದು ಅಕ್ಷರಶಃ ಅಡಿಕೆಗೇ ಹೊರಟಿತ್ತು. ಪ್ರಫುಲ್ಲಾಬಾಯಿ ಮೆಂತ್ಯೆ ಸೊಪ್ಪು ಸೋಸುವುದನ್ನು ನಿಲ್ಲಿಸಲಿಲ್ಲ.

"ನಿಮ್ಮ ಹೆಸರು ನೀವು ಉಂಡು ತೇಗಿ ಮುಗಿಸೀರಿ. ಆ ಹುಡುಗಿ ಈಗಿನ್ನ ತಾಟಿನ ಮುಂದ ಕೂತಾಳ. ನಾಳೆ ಹೋಗಿ ಹೇಳ್ರಿ. ಚೀಲಾ ಹೊಲದಾಕಿ ನಮ್ಮಾಕಿ ಅಂತನೂ ಹೇಳ್ರಿ, ನನಗೇನ ನಾಚಿಕಿಲ್ಲ."

ಗುರುವಾರ ಬೆಳಿಗ್ಗೆ ರಾಯರು ಹರ್ಷದಾಳನ್ನೂ ಕರೆದುಕೊಂಡು ವಿಕ್ರಮನ ಕ್ಯಾಬಿನ್ನಿಗೆ ಹೋದರು, ನಿಂತುಕೊಂಡೇ ಹೇಳಿದರು. ವಿಕ್ರಮ ಮರಾಠಿಯಲ್ಲಿ ಕೂಗಾಡಿದ. ನೀವು, ನೀವು ಹೀಗೆ ಮಾಡುವುದೇ ಎಂದು ಮೂರು ಸಲ ಕೇಳಿದ. ಆಮೇಲೆ ಇದ್ದಕ್ಕಿದ್ದಂತೆ ದನಿ ತಗ್ಗಿಸಿ, ಕಿಟಕಿಯ ಕಡೆ ತಿರುಗಿ, ಒಂದಲ್ಲ, ಹದಿನಾರೂ ಪೆಟ್ಟಿಗೆ ತೆಗೆದು ನೋಡಿಬಿಡಿ, ಆಗುವ ಖರ್ಚು ಆಗಲಿ ಅಂದ. ಹರ್ಷದಾ ಕೂಗಾಡಲಿಲ್ಲ. ಅದರಿಂದಲೇ ರಾಯರಿಗೆ ಹೆಚ್ಚು ಸಂಕಟವಾಯಿತು.

"ನನಗ ಭಾಳ ಸಿಟ್ಟು ಬಂದದ ಕಾಕಾ. ಈಗ ನನ್ನ ಜೋಡಿ ಮಾತಾಡಬ್ಯಾಡ್ರಿ," ಎಂದಷ್ಟೇ ಹೇಳಿ ಫೋನು ಹಿಡಿದಳು. ಕಂಟೇನರು ಇನ್ನೂ ಬಂದರಿನ ಹೊರಗಿನ ಅಂಗಳದಲ್ಲೇ ನಿಂತಿತ್ತು. ಸೀಲು ಒಡೆದು ಮತ್ತೆ ಹಾಕುವುದಿದ್ದರೆ ಕಸ್ಟಮ್ಸಿನವರ ಕಣ್ಣೆದುರೇ ಆಗಬೇಕು. ಒಂದು ಗಂಟೆ ಯಾರು ಯಾರಿಗೋ ಕೈಮುಗಿದಂತೆ ಮಾತಾಡಿ ಒಪ್ಪಿಗೆ ಪಡೆದಳು.

ಕಾರಿನಲ್ಲಿ ಮುಂದೆ ಹರ್ಷದಾ, ಹಿಂದೆ ರಾಯರು ಮತ್ತು ಭೀಮಣ್ಣ, ಭೀಮಣ್ಣನ ತೊಡೆಯ ಮೇಲೆ ಸುತ್ತಿಗೆ ಮೊಳೆಯ ಚೀಲ. ಕಾರು ಖಂಡಾಳಾ ಘಾಟು ಇಳಿಯಿತು. ರಾಯರು ನೆನಪು ಮಾಡಿಕೊಂಡರು: ಈ ದಾರಿಯಲ್ಲಿ ಎಷ್ಟು ಸಾವಿರ ಪೆಟ್ಟಿಗೆ ಕಳಿಸಿದ್ದೇನೆ, ಒಂದು ಸಲವೂ ಜೊತೆಗೆ ಬಂದಿಲ್ಲ. ದೊಡ್ಡ ಇನಾಮದಾರರು ಎಷ್ಟೋ ಸಲ ಕರೆದಿದ್ದರು, ಬಾ ಹಡಗು ತೋರಿಸುತ್ತೇನೆ ಎಂದು. ಮುಂದಿನ ರವಾನೆಗೆ, ಮುಂದಿನ ರವಾನೆಗೆ ಎಂದು ತಾನು ಮುಂದೂಡುವಷ್ಟರಲ್ಲಿ ಅವರೇ ಹೋಗಿಬಿಟ್ಟರು. ಕೊನೆಗೆ ಬಂದರು ನೋಡಲು ಹೊರಟದ್ದು ತಪ್ಪು ತಿದ್ದುವುದಕ್ಕೆ. ದೂರದಲ್ಲಿ ಕ್ರೇನುಗಳು ಕಂಡಾಗ ರಾಯರು ಕನ್ನಡಕ ತೆಗೆದು ಒರೆಸಿಕೊಂಡರು.

ಅಂಗಳದಲ್ಲಿ ಕಸ್ಟಮ್ಸಿನವರು ಸೀಲು ಕತ್ತರಿಸಿದರು. ಫೋರ್ಕ್‌ಲಿಫ್ಟು ಒಂದೊಂದೇ ಪೆಟ್ಟಿಗೆ ಇಳಿಸತೊಡಗಿತು. ಭೀಮಣ್ಣ ಹದಿನಾರನೆಯದರ ಮುಚ್ಚಳ ತೆಗೆದ. ಖಣದ ಚೀಲ ಅಲ್ಲೇ ಕೂತಿತ್ತು. ಹರ್ಷದಾ ಅದನ್ನು ಎತ್ತಿ ಪ್ಲಾಸ್ಟಿಕ್ ಕವರಿಗೆ ಹಾಕಿ, "ಮುಂದಿಂದು" ಅಂದಳು.

"ಬಾಯಾರ, ಎಲ್ಲಾ ಯಾಕ್ರೀ ತಗ್ಯೂದು?" ಭೀಮಣ್ಣ ಬೆವರುತ್ತಿದ್ದ. "ರಾಯರು ಒಂದರಾಗ ಇಟ್ಟೀನಿ ಅಂದಾರಲ್ರಿ."

"ಸಾಹೇಬರು ಹೇಳ್ಯಾರ. ತಗೀರಿ."

ಭೀಮಣ್ಣ ಸುತ್ತಿಗೆ ಕೆಳಗಿಟ್ಟು ತಲೆ ತುರಿಸಿಕೊಂಡ. "ಹಂಗಾರ ಒಂಬತ್ತನೇದು ಮೊದಲ ತಗೀತೀನ್ರಿ. ಅದರಾಗ ನಂದೊಂದು ಐತ್ರಿ. ರಾಯರದು ಕಡೀ ಲೋಡು, ಬರೇ ಉಡೀಲೆ ಕಳಸೂದು ಮನಸಿಗಿ ಬರಲಿಲ್ರಿ."

ಒಂಬತ್ತನೆಯದರಲ್ಲಿ ಅವನ ಕರವಸ್ತ್ರದಲ್ಲಿ ಕಟ್ಟಿದ ಅಕ್ಕಿ, ಎರಡು ಉತ್ತತ್ತಿ. ಮೂರನೆಯದು ತೆಗೆದಾಗ ಗ್ರೀಸ್ ಕಾಗದದ ಪೊಟ್ಟಣ, ಎರಡು ಗಂಟು ಹಾಕಿ ಬಿಗಿದದ್ದು. ಹಾಗೆ ಎರಡು ಗಂಟು ಹಾಕುವವಳು ಕಾರ್ಖಾನೆಯಲ್ಲಿ ಒಬ್ಬಳೇ, ಪಂಪಿಗೆ ಗ್ರೀಸ್ ಹಚ್ಚಿ ಸುತ್ತುವ ಸುಲಭಾ. ಯಾರೂ ಯಾರಿಗೂ ಹೇಳಿರಲಿಲ್ಲ, ಪ್ರತಿಯೊಬ್ಬರೂ ತಾನೊಬ್ಬನೇ ಕದ್ದು ಇಟ್ಟಿದ್ದೇನೆ ಎಂದುಕೊಂಡಿದ್ದರು. ಹನ್ನೆರಡನೆಯದರಲ್ಲಿ ಒಂದು ದಪ್ಪ ಬಿಳಿ ಲಕೋಟೆ, ಒಳಗೆ ಅಕ್ಕಿ ಮತ್ತು ಕುಂಕುಮ. ಲಕೋಟೆಯ ಮೂಲೆಯಲ್ಲಿ ಬಂಗಾರದ ಬಣ್ಣದಲ್ಲಿ ಮ್ಯಾನೇಜಿಂಗ್ ಡೈರೆಕ್ಟರ್ ಎಂದು ಅಚ್ಚಾಗಿತ್ತು. ಅಂಥ ಲಕೋಟೆ ಇರುವುದು ವಿಕ್ರಮನ ಡ್ರಾಯರಿನಲ್ಲಿ ಮಾತ್ರ.

ಹರ್ಷದಾ ಲಕೋಟೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. ಹತ್ತಿರದ ಹಲಗೆಯ ಮೇಲೆ ಕುಸಿದು ಕೂತಳು. ಮೊದಲು ಒಂದು ಸಲ ನಕ್ಕಳು, ಆಮೇಲೆ ನಿಲ್ಲಿಸಲಾಗದೆ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು.

"ಅಯ್ಯೋ ದೇವರ! ಇಡೀ ಕಾರ್ಖಾನಿಯೊಳಗ ನಿಯಮ ಪಾಳಿಸಿದಾಕಿ ನಾ ಒಬ್ಬಾಕಿನ ಏನ್ರಿ?" ಸ್ವಲ್ಪ ಹೊತ್ತಿಗೆ ನಗು ನಿಂತಿತು. "ಕಾಕಾ, ನೀವು ಇವತ್ತ ಮುಂಜಾನೆ ಸುಮ್ಮನ ಇದ್ದಿದ್ರ ಆ ಸಾಹೇಬರೂ ಸುಮ್ಮನ ಇರ್ತಿದ್ರು. ನಾಕರೊಳಗ ಒಂದರ ಸಿಕ್ಕೇ ಸಿಗ್ತಿತ್ತು. ನನ್ನ ಕತಿ ಮುಗೀತಿತ್ತು."

"ಕಲಿಸಿದಾಂವಾ ನಾನ ಅಲ್ಲೇನವಾ," ರಾಯರು ಅಂದರು. "ಅವರದೇನು ತಪ್ಪು? ನನ್ನ ನೋಡೇ ಕಲತಾರ." ಇಷ್ಟು ವರ್ಷ ತನ್ನ ಕೈಯಿಂದ ಉಳಿದದ್ದು ಏನು ಎಂದು ಯಾರಾದರೂ ಕೇಳಿದರೆ ತೋರಿಸುವುದಕ್ಕೆ ತಗಡಿನ ಅಕ್ಷರವೂ ಉಳಿದಿಲ್ಲ ಎಂದು ಅವರು ಕೊರಗುತ್ತಿದ್ದರು. ಉಳಿದದ್ದು ಎದುರಿಗೇ ಇತ್ತು, ಆದರೆ ಅದನ್ನು ಹೆಕ್ಕಿ ಹೊರಗೆ ಹಾಕುವ ಕೆಲಸವೂ ಅವರದೇ ಆಗಿತ್ತು. ಸಂತೋಷಪಡಬೇಕೋ ಅಳಬೇಕೋ ತಿಳಿಯದೆ ಪೆಟ್ಟಿಗೆ ಗುಡಿಸಲು ಒಂದು ಬ್ರಷ್ ತೆಗೆದುಕೊಂಡರು.

ಹದಿನಾರೂ ಪೆಟ್ಟಿಗೆಗಳನ್ನು ಮೂವರೂ ಬಗ್ಗಿ ಗುಡಿಸಿದರು. ಟಾರ್ಚು ಬಿಟ್ಟು ಮೂಲೆಮೂಲೆ ನೋಡಿದರು. ಹರ್ಷದಾ ಹೊಸ ಪ್ರಮಾಣಪತ್ರ ತೆಗೆದಳು, ತಾನು ಸಹಿ ಮಾಡಿ, ಕೆಳಗೆ ಒಂದು ಸಾಲು ಕೈಯಿಂದ ಬರೆದಳು: ಕಟ್ಟಿದವರು ಮತ್ತು ನೋಡಿದವರು. ಪೆನ್ನನ್ನು ರಾಯರ ಕಡೆ ಚಾಚಿದಳು.

"ನಂದೊಂದ ಸಹಿ ಮ್ಯಾಲೆ ನನಗ ಈಗ ಭರವಸಾ ಇಲ್ಲ. ನೀವೂ ಮಾಡ್ರಿ."

ಇದು ಶಿಕ್ಷೆಯೋ ಮರ್ಯಾದೆಯೋ ರಾಯರಿಗೆ ಗೊತ್ತಾಗಲಿಲ್ಲ. ಊರೂರ ಹೆಸರು ಬರೆದ ಕೈ ತನ್ನ ಹೆಸರನ್ನು ರಫ್ತಿನ ಕಾಗದದ ಮೇಲೆ ಯಾವತ್ತೂ ಬರೆದಿರಲಿಲ್ಲ. ಮಾರ್ತಾಂಡ ಎಂದು ನಿಧಾನವಾಗಿ, ಅಕ್ಷರ ಸೋರದ ಹಾಗೆ ಬರೆದರು.

ಪೆಟ್ಟಿಗೆಗಳು ಒಂದೊಂದಾಗಿ ಒಳಗೆ ಹೋದವು. ಹದಿನಾರನೆಯದು ಫೋರ್ಕ್‌ಲಿಫ್ಟಿನ ಮೇಲೆ ಏರಿದಾಗ ರಾಯರು ಕೈ ಎತ್ತಿ ತಡೆದರು. ಹರ್ಷದಾಳ ಮುಖ ಗಟ್ಟಿಯಾಯಿತು. ರಾಯರು ಎರಡೂ ಅಂಗೈ ಬಿಡಿಸಿ ಅವಳಿಗೆ ತೋರಿಸಿದರು, ಖಾಲಿ. ಆಮೇಲೆ ಹೋಗಿ ಒಂದು ಕೈಯನ್ನು ಹಲಗೆಯ ಮೇಲಿಟ್ಟರು.

"ಬರೇ ಉಡೀಲೆ ಕಳಸ್ಲಿಕ್ಕತ್ತೀನಿ, ತಾಯಿ," ಎಂದು ಪೆಟ್ಟಿಗೆಗೆ ಹೇಳಿದರು. "ಸಿಟ್ಟಾಗಬ್ಯಾಡ. ಆ ಮನಿಯವರು ಏನೂ ತರಬ್ಯಾಡ ಅಂದಾರ."

ಫೋರ್ಕ್‌ಲಿಫ್ಟಿನವನು ಏನಾಯಿತೆಂದು ತಿಳಿಯದೆ ಹರ್ಷದಾಳ ಮುಖ ನೋಡಿದ. ಅವಳು ಕೈಯಿಂದಲೇ, ಸ್ವಲ್ಪ ತಡಿ ಎಂದು ಸನ್ನೆ ಮಾಡಿದಳು.